ತುದಿಯಪ್ಪನ ಕೈಗುಣ

ನಮ್ಮ ವಿಭಾಗದಲ್ಲಿ ಮೂವತ್ತೊಂದು ವರ್ಷ ಒಂದೇ ಕೆಲಸ ಮಾಡಿದವರು ಒಬ್ಬರಿದ್ದಾರೆ. ಅವರು ತಂತಿ ಕತ್ತರಿಸುತ್ತಾರೆ. ಇಷ್ಟು ಹೇಳಿದರೆ 'ಅಷ್ಟೇನಾ' ಎಂದು ಕೇಳದವರಿಲ್ಲ. ಹೆಣ್ಣು ಕೊಟ್ಟ ಮಾವನೇ ಹಾಗೆ ಕೇಳಿದ್ದರಂತೆ. ಅದಕ್ಕೆ ಇವರು 'ಸುಮ್ಮನೆ ಅಲ್ಲ, ಓರೆಯಾಗಿ ಕತ್ತರಿಸ್ತೀನಿ' ಎಂದು ಉತ್ತರ ಕೊಟ್ಟು, ಅದರಿಂದ ತಮ್ಮ ಘನತೆ ಹೆಚ್ಚಿತೆಂದು ಇವತ್ತಿಗೂ ನಂಬಿದ್ದಾರೆ.

ನಾವೆಲ್ಲ ಅವರನ್ನು ಕರೆಯುವುದು ತುದಿಯಪ್ಪ ಎಂದೇ. ಯಾಕೆಂದು ತಿಳಿಯಬೇಕಾದರೆ ನಮ್ಮಲ್ಲಿರುವ ಯಂತ್ರದ ಬಗ್ಗೆ ಎರಡು ಮಾತು ಹೇಳಬೇಕು. ಅದು ಪರಮಾಣುಗಳನ್ನು ನೋಡುವ ಸೂಕ್ಷ್ಮದರ್ಶಕ. ಆದರೆ ಅದಕ್ಕೆ ಗಾಜಿನ ಮಸೂರವಿಲ್ಲ, ಬೆಳಕೂ ಬೇಡ. ಮೇಲೊಂದು ತಂತಿಯ ಚೂಪಾದ ತುದಿ, ಕೆಳಗೊಂದು ಲೋಹದ ಚೂರು, ನಡುವೆ ಒಂದು ಕೂದಲನ್ನು ಲಕ್ಷ ಸೀಳು ಮಾಡಿದರೆ ಒಂದು ಸೀಳು ಎಷ್ಟು ದಪ್ಪವಿದ್ದೀತೋ ಅಷ್ಟು ಸಂದಿ. ಆ ಸಂದಿಯನ್ನು ಹಾರಿ ಒಂದಿಷ್ಟು ಕರೆಂಟು ಹರಿಯುತ್ತದೆ. ಹತ್ತಿರವಾದರೆ ಹೆಚ್ಚು, ದೂರವಾದರೆ ಕಡಿಮೆ. ತುದಿ ಹೊಲ ಉತ್ತಹಾಗೆ ಸಾಲುಸಾಲಾಗಿ ಓಡಾಡುತ್ತ ಆ ಹೆಚ್ಚು ಕಡಿಮೆಯನ್ನು ಬರೆದುಕೊಳ್ಳುತ್ತ ಹೋದರೆ, ಪರದೆಯ ಮೇಲೆ ಪರಮಾಣುಗಳು ಗುಂಡುಗುಂಡಗೆ ಮೂಡುತ್ತವೆ. ಕಷ್ಟವಿರುವುದು ಆ ತುದಿಯಲ್ಲಿ. ಅದರ ಕಟ್ಟಕಡೆಗೆ ಒಂದೇ ಒಂದು ಪರಮಾಣು ನಿಂತಿರಬೇಕು. ಪಕ್ಕದಲ್ಲಿ ಇನ್ನೊಂದು ಮೂಗು ತೂರಿಸಿದರೆ ಕೆಟ್ಟಿತು, ಕೆಳಗಿರುವ ಒಂದೊಂದೂ ಎರಡೆರಡಾಗಿ ಕಾಣುತ್ತದೆ.

ಯಂತ್ರ ಬಂದದ್ದು ಹಡಗಿನಲ್ಲಿ, ನಾಲ್ಕು ಮರದ ಪೆಟ್ಟಿಗೆ ತುಂಬ. ಅಷ್ಟೆಲ್ಲ ದೊಡ್ಡಸ್ತಿಕೆಯ ಯಂತ್ರಕ್ಕೆ ತುದಿ ಮಾಡುವ ವಿಧಾನ ಮಾತ್ರ ಹೀಗೆ: ಇಕ್ಕಳದಲ್ಲಿ ತಂತಿ ಹಿಡಿ, ಕತ್ತರಿಯನ್ನು ಓರೆಯಾಗಿಡು, ಕತ್ತರಿಸುತ್ತಲೇ ಎಳೆ. ಡಾಕ್ಟರೇಟು ಪಡೆದವರು ಇಪ್ಪತ್ತು ಸಲ ಎಳೆದರೆ ಒಂದು ಸರಿಯಾಗುತ್ತದೆ, ತುದಿಯಪ್ಪ ಎಳೆದರೆ ಮೂರಕ್ಕೆ ಎರಡು. ಕೆಲವು ವೈದ್ಯರಿಗೆ, ಕೆಲವು ಅಡುಗೆಯವರಿಗೆ ಇರುತ್ತದಲ್ಲ, ಆ ಕೈಗುಣ. ಅದರಿಂದಾಗಿ ಮೇಷ್ಟ್ರು, ಅಂದರೆ ನಮ್ಮ ವಿಭಾಗದ ಮುಖ್ಯಸ್ಥರು, ತುದಿಯಪ್ಪನ ಜತೆ ಹವಾಮಾನದ ಜತೆ ನಡೆದುಕೊಳ್ಳುವಹಾಗೆ ನಡೆದುಕೊಳ್ಳುತ್ತಿದ್ದರು. ಒಳ್ಳೆಯ ತುದಿ ಕೂತಿದೆಯೆಂದರೆ ಯಂತ್ರದ ಕೋಣೆಯಲ್ಲಿ ಯಾರೂ ಕುರ್ಚಿ ಎಳೆಯುವಂತಿಲ್ಲ, ಸೀನುವಂತಿಲ್ಲ. ಆ ತುದಿಯನ್ನು ತಾನಾಗಿ ಸಾಯುವವರೆಗೆ ಬದಲಿಸುವಂತೆಯೂ ಇಲ್ಲ. ಇಷ್ಟು ಓದಿದವರು ತುದಿಯ ವಿಷಯಕ್ಕೆ ಬಂದರೆ ಬೆಕ್ಕು ಅಡ್ಡ ಬಂತೆಂದು ಹಿಂತಿರುಗುವವರಿಗಿಂತ ಕಡೆ.

ನಾನು ವಿಭಾಗದ ಕಚೇರಿ ನೋಡಿಕೊಳ್ಳುವವಳು. ತುದಿಯಪ್ಪ ನನಗಿಂತ ಮೂರು ವರ್ಷ ದೊಡ್ಡವರು, ಆದರೂ ನನ್ನನ್ನು 'ಅಕ್ಕಾ' ಎನ್ನುತ್ತಾರೆ. ಮೊದಮೊದಲು ಗೌರವವೆಂದುಕೊಂಡಿದ್ದೆ. ಆಮೇಲೆ ಗೊತ್ತಾಯಿತು, ನನ್ನ ಹತ್ತಿರ ಬೈಸಿಕೊಳ್ಳುವುದು ಖಚಿತವಾದಾಗ ಮಾತ್ರ ಹಾಗನ್ನುತ್ತಾರೆ. ಬೈಸಿಕೊಳ್ಳುವ ಸಂದರ್ಭಗಳು ದಿನಾ ಇರುವುದರಿಂದ ಅದೇ ರೂಢಿಯಾಯಿತು.

ಈ ವರ್ಷ ಆ ಸೂಕ್ಷ್ಮದರ್ಶಕದವರ ಅಂತರರಾಷ್ಟ್ರೀಯ ಸಮ್ಮೇಳನ ನಮ್ಮಲ್ಲಿಯೇ ನಡೆಯಿತು. ಮೂವತ್ತು ದೇಶಗಳಿಂದ ಮುನ್ನೂರು ಜನ. ಅವರ ಹೆಸರುಪಟ್ಟಿ, ಚೀಲ, ಕೊರಳಿಗೆ ತೂಗುವ ಚೀಟಿ, ಊಟದ ಕೂಪನ್ನು ಎಲ್ಲ ನನ್ನ ತಲೆಗೇ ಬಂತು. ಒಂದು ಮಾತು ಹೇಳಲೇಬೇಕು. ಪರಮಾಣುವನ್ನು ನೋಡಿ ಗುರುತು ಹಿಡಿಯುವ ಈ ಮಹಾನುಭಾವರಿಗೆ, ಬಾಗಿಲಿನಷ್ಟು ದೊಡ್ಡ ಫಲಕದಲ್ಲಿ ಬರೆದಿದ್ದ 'ಮುಖ್ಯ ಸಭಾಂಗಣ' ಕಾಣಿಸಲಿಲ್ಲ. ಮೊದಲ ದಿನ ನಲವತ್ತು ಜನ ನನ್ನ ಮೇಜಿನ ಮುಂದೆ ಸಾಲಾಗಿ ನಿಂತು, ಸಭಾಂಗಣ ಎಲ್ಲಿ ಎಂದು ಅದಕ್ಕೆ ಬೆನ್ನು ಹಾಕಿಕೊಂಡೇ ಕೇಳಿದರು.

ಸಮ್ಮೇಳನದ ಮೂರನೆಯ ದಿನ, ಹನ್ನೊಂದೂವರೆಗೆ, ನಮ್ಮ ಗುಬ್ಬಿಯ ಭಾಷಣವಿತ್ತು. ಗುಬ್ಬಿ ಎಂದರೆ ಮೇಷ್ಟ್ರ ಕೈಕೆಳಗೆ ಸಂಶೋಧನೆ ಮಾಡುವ ಹುಡುಗಿ. ಆಳು ಚಿಕ್ಕದು, ದನಿ ಚಿಕ್ಕದು, ಹಟ ಮಾತ್ರ ದೊಡ್ಡದು. ಎರಡು ವರ್ಷದಿಂದ ಒಂದು ಲೋಹದ ಮೇಲೆ ತೆಳುವಾದ ಪದರ ಹಾಸಿ, ಅದರ ಚಿತ್ರ ತೆಗೆಯುತ್ತಿದ್ದಳು. ಆ ಪದರದಲ್ಲಿ ಪ್ರತಿಯೊಂದು ಪರಮಾಣುವಿಗೂ ಪಕ್ಕದಲ್ಲಿ ಒಂದು ಜೋಡಿ ಇರುವುದು ಕಂಡುಬಂತು. ಅದು ನಿಜವಾದರೆ ಹಿಂದೆ ಯಾರೂ ಕಾಣದ ಸಂಗತಿಯಂತೆ. ಮೇಷ್ಟ್ರು ಕುಣಿಯುವುದೊಂದು ಬಾಕಿ. ಆದರೆ ಹಳೆಯ ಹುಲಿ, ಎಚ್ಚರ ತಪ್ಪಲಿಲ್ಲ. ಜೋಡಿ ಕಂಡರೆ ಮೊದಲ ಅನುಮಾನ ತುದಿಯ ಮೇಲೆ, ತುದಿ ಬದಲಿಸಿ ಮತ್ತೆ ನೋಡು ಎಂದರು. ಗುಬ್ಬಿ ತುದಿಯಪ್ಪನಿಗೆ ಹೇಳಿದಳು. ತುದಿಯಪ್ಪ ಕೋಣೆಗೆ ಹೋಗಿ ಮುಕ್ಕಾಲು ಗಂಟೆಯಾದ ಮೇಲೆ ಹಣೆ ಒರೆಸಿಕೊಳ್ಳುತ್ತ ಹೊರಗೆ ಬಂದು, ಆಯ್ತು ತಾಯಿ ಎಂದರು. ಗುಬ್ಬಿ ಮತ್ತೆ ನೋಡಿದಳು. ಜೋಡಿಗಳು ಹಾಗೇ ಇದ್ದವು.

ಎರಡನೆಯ ದಿನ ಮಧ್ಯಾಹ್ನ ಟೀ ಕೋಣೆಯಲ್ಲಿ ಗುಬ್ಬಿ ತನ್ನ ಭಾಷಣವನ್ನು ನನ್ನ ಮುಂದೆ, ತುದಿಯಪ್ಪನ ಮುಂದೆ ಒಪ್ಪಿಸಿದಳು. ನನಗೆ ಅರ್ಥವಾದದ್ದು ಎಳ್ಳಷ್ಟು. ಒಂದು ಕಡೆ ಅವಳು ನಿಂತು, ಎರಡು ಬೇರೆ ಬೇರೆ ತುದಿಗಳಿಂದ ನೋಡಿದರೂ ಅದೇ ಫಲಿತಾಂಶ, ಆದ್ದರಿಂದ ಇದು ತುದಿಯ ಮೋಸವಲ್ಲ ಎಂದಳು. ಕೊನೆಯ ಚಿತ್ರದಲ್ಲಿ ಎರಡನೆಯ ತುದಿ ಮಾಡಿಕೊಟ್ಟವರೆಂದು ತುದಿಯಪ್ಪನ ಪೂರ್ತಿ ಹೆಸರು ಹಾಕಿದ್ದಳು. ನಾನು ಅವರ ಮುಖ ನೋಡಿದೆ, ಹಿಗ್ಗಿ ಹೀರೇಕಾಯಿಯಾಗಿರುತ್ತಾರೆಂದು. ಮನುಷ್ಯ ಟೀ ಲೋಟ ಕೆಳಗಿಟ್ಟದ್ದು ಮೇಜಿನ ಮೇಲಲ್ಲ, ಗಾಳಿಯ ಮೇಲೆ. ಲೋಟ ಒಡೆಯಿತು.

ಅಲ್ಲಿಂದ ಅವರು ಬಾಲ ಸುಟ್ಟ ಬೆಕ್ಕಿನಂತೆ ಓಡಾಡತೊಡಗಿದರು. ಗುಬ್ಬಿಯ ಹತ್ತಿರ ಹೋಗಿ ನಿನಗೆ ಜ್ವರ ಇದ್ದಹಾಗಿದೆ, ಮಲಗಿಬಿಡು ಎಂದರು. ನನ್ನ ಹತ್ತಿರ ಬಂದು ನಾಳೆಯ ಭಾಷಣಗಳು ಜಾಸ್ತಿಯಾದವು, ಒಂದೆರಡು ಕಡಿಮೆ ಮಾಡಬಾರದೇ ಎಂದು ಲೋಕಾಭಿರಾಮವಾಗಿ ಕೇಳಿದರು. ಸಂಜೆ ಐದಕ್ಕೆ ನಾನು ಸಭಾಂಗಣ ಮುಚ್ಚಿಸಲು ಹೋದಾಗ ಪ್ರೊಜೆಕ್ಟರಿನ ವೈರು ಕಾಣಲಿಲ್ಲ. ಹೊರಗೆ ಬಂದರೆ ತುದಿಯಪ್ಪ ಮೆಟ್ಟಿಲ ಮೇಲೆ ನಿಂತಿದ್ದಾರೆ. ವೈರು ನೋಡಿದಿರಾ ಎಂದು ನಾನಿನ್ನೂ ಕೇಳಿಲ್ಲ, ಅವರ ಕೈ ತಾನಾಗಿ ಪ್ಯಾಂಟಿನ ಜೇಬಿಗೆ ಹೋಯಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತಲ್ಲ, ಇವರು ಅನ್ನುವುದಕ್ಕೂ ಮೊದಲೇ ಮುಟ್ಟಿಕೊಂಡರು.

ಕಚೇರಿಗೆ ಕರೆತಂದು ಬಾಗಿಲು ಹಾಕಿದೆ. ಅಕ್ಕಾ ಎಂದರು. ಜೇಬಿನಿಂದ ಕೈ ಮಾತ್ರ ತೆಗೆಯಲಿಲ್ಲ.

"ನಾನು ಆವತ್ತು ತುದಿ ಬದಲಿಸಲೇ ಇಲ್ಲ ಅಕ್ಕಾ. ಹಳೇದನ್ನೇ ವಾಪಸ್ ಕೂರಿಸಿದೆ."

ಒಂದು ವರ್ಷದಿಂದ ಅವರ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಮಂಜು ಮುಸುಕಿದ ಗಾಜಿನ ಆಚೆಯಿಂದ ನೋಡಿದಹಾಗೆ ಎಲ್ಲ. ಕತ್ತರಿಸುವುದಕ್ಕೆ ಕಣ್ಣು ಬೇಡ, ಅದು ಕೈಯ ಕೆಲಸ. ಆದರೆ ಕತ್ತರಿಸಿದ ತಂತಿಯನ್ನು ಸೂಜಿಯ ಕಣ್ಣಿನಷ್ಟಿರುವ ಕೊಳವೆಗೆ ಎಲ್ಲಿಯೂ ತಾಗಿಸದೆ ತೂರಿಸಬೇಕು. ಆ ದಿನ ಐದು ತುದಿ ಕತ್ತರಿಸಿದರಂತೆ. ಐದೂ ಕೊಳವೆಯ ಅಂಚಿಗೆ ಬಡಿದು ಹಾಳಾದವು. ಹಳೆಯ ತುದಿ ಹೇಗೂ ಚೆನ್ನಾಗಿಯೇ ನಡೆಯುತ್ತಿದೆ, ಹುಡುಗಿ ಅದರ ಮೇಲೆ ಯಾಕೆ ಸಿಟ್ಟಾಗಿದ್ದಾಳೋ ಎಂದುಕೊಂಡು, ಹಿಡಿಕೆ ಸಮೇತ ಅದನ್ನೇ ವಾಪಸ್ ಇಟ್ಟರು. ಯಾತಕ್ಕೆ ಬದಲಿಸಬೇಕೆಂದು ಗುಬ್ಬಿ ಹೇಳಿರಲಿಲ್ಲ, ಇವರು ಕೇಳಲಿಲ್ಲ.

ಕಣ್ಣಿನ ವಿಷಯ ಯಾಕೆ ಮುಚ್ಚಿಟ್ಟಿರಿ ಎಂದೆ. ಪೊರೆ ಎಂದರೆ ಈಗಿನ ಕಾಲದಲ್ಲಿ ಒಂದು ಬೆಳಗಿನ ಕೆಲಸ. ಅವರು ನೆಲ ನೋಡುತ್ತ, ಕಣ್ಣು ಹೋಯಿತೆಂದು ತಿಳಿದರೆ ಸ್ಟೋರಿಗೆ ಹಾಕಿ ಬಲ್ಬು ಎಣಿಸಲು ಹಚ್ಚುತ್ತೀರಿ ಎಂದರು. ಆಪರೇಷನ್ ಕೆಟ್ಟರೆ ಎಂಬ ಭಯವೂ ಇತ್ತು. ಅವರಿಗೆ ಇದ್ದದ್ದೇ ಒಂದು ಕೈಗುಣ. ಪರಮಾಣು ನೋಡುವವರ ನಡುವೆ ಮೂವತ್ತೊಂದು ವರ್ಷ ತಲೆಯೆತ್ತಿ ನಡೆದದ್ದು ಅದೊಂದರ ಬಲದಿಂದ. ನನಗೆ ಸಿಟ್ಟೂ ಬಂತು, ಅಯ್ಯೋ ಅನ್ನಿಸಿತು ಕೂಡ. ಸಿಟ್ಟನ್ನು ಮೊದಲು ತೀರಿಸಿಕೊಂಡೆ. ನಾಳೆ ಮುನ್ನೂರು ಜನರ ಮುಂದೆ ಆ ಹುಡುಗಿ ಸುಳ್ಳು ಹೇಳುತ್ತಾಳೆ, ಅದು ಸುಳ್ಳೆಂದು ಅವಳಿಗೇ ಗೊತ್ತಿಲ್ಲ, ಇಂದಲ್ಲ ನಾಳೆ ಯಾರೋ ಬೇರೆ ತುದಿಯಲ್ಲಿ ನೋಡುತ್ತಾರೆ, ಆಮೇಲೆ ಅವಳ ಮಾತನ್ನು ಯಾರು ನಂಬುತ್ತಾರೆ ಎಂದು ಬೈದೆ. ಅವರು ವೈರನ್ನು ಜೇಬಿನಿಂದ ತೆಗೆದು ನನ್ನ ಮೇಜಿನ ಮೇಲಿಟ್ಟು, ನಾನೇ ಹೇಳುತ್ತೇನೆ ಎಂದು ಎದ್ದರು.

ಗುಬ್ಬಿಗೆ ಹೇಗೆ ಹೇಳಿದರೋ ಗೊತ್ತಿಲ್ಲ. ಮೂರನೆಯ ದಿನ ಬೆಳಿಗ್ಗೆ ಏಳಕ್ಕೆ ನಾನು ಯಂತ್ರದ ಕೋಣೆಗೆ ಹೋದಾಗ ಇಬ್ಬರೂ ಅಲ್ಲಿದ್ದರು. ಹುಡುಗಿಯ ಕೈಯಲ್ಲಿ ಕತ್ತರಿ, ಅವಳ ಕೈಯ ಮೇಲೆ ತುದಿಯಪ್ಪನ ಕೈ. ಅವರು ಕಣ್ಣು ಮುಚ್ಚಿಕೊಂಡಿದ್ದರು. ಇನ್ನೂ ಓರೆ, ಇನ್ನೊಂಚೂರು, ಈಗ ಒತ್ತು, ಒತ್ತುತ್ತಾನೇ ಎಳಿ ಎನ್ನುತ್ತಿದ್ದರು. ಕತ್ತರಿಸಿದ್ದನ್ನು ಕೊಳವೆಗೆ ತೂರಿಸುವುದು ಅವಳ ಕಣ್ಣಿಗೆ ಬಿಟ್ಟದ್ದು. ಮೊದಲನೆಯದು ಹೋಯಿತು. ಎರಡು, ಮೂರು, ನಾಲ್ಕು ಹೋದವು. ಐದನೆಯದು ಕೂತಿತು.

ಪರದೆಯ ಮೇಲೆ ಸಾಲು ಸಾಲಾಗಿ ಚಿತ್ರ ಇಳಿಯತೊಡಗಿತು. ನಾನು ಏನೂ ತಿಳಿಯದವಳು, ನನಗೂ ಕಾಣಿಸಿತು. ಗುಂಡು ಗುಂಡಗೆ, ಒಂದೊಂದೇ. ಪಕ್ಕದಲ್ಲಿ ಯಾರೂ ಇಲ್ಲ. ಗುಬ್ಬಿ ಇನ್ನೊಂದು ತುದಿ ಹಾಕಿ ನೋಡಿದಳು, ಒಂದೊಂದೇ. ಹಳೆಯ ತುದಿ ಹಾಕಿದಳು, ಜೋಡಿಗಳು ಬಂದು ಕೂತವು. ಇನ್ನು ಅನುಮಾನಕ್ಕೆ ಎಡೆಯಿರಲಿಲ್ಲ. ಅವಳು ಕೈ ಮಡಿಲಲ್ಲಿಟ್ಟುಕೊಂಡು ಪರದೆಯನ್ನೇ ನೋಡುತ್ತ ಕೂತಳು. ಕಣ್ಣು ತುಂಬಿತ್ತು. ತುದಿಯಪ್ಪ ಗೋಡೆಗೆ ಒರಗಿ ನಿಂತು, ಬೈ ತಾಯಿ, ಬೈದುಬಿಡು ಎಂದರು.

"ಈಗ ಟೈಮಿಲ್ಲ ದೊಡ್ಡಪ್ಪ. ಹನ್ನೊಂದೂವರೆಗೆ ಭಾಷಣ ಇದೆ. ಆಮೇಲೆ ಬೈತೀನಿ."

ಮೇಷ್ಟ್ರಿಗೆ ಸುದ್ದಿ ಮುಟ್ಟಿತು. ಭಾಷಣ ಬಿಟ್ಟುಬಿಡಬಹುದು, ಹುಷಾರಿಲ್ಲ ಎಂದರೆ ಯಾರೂ ಕೇಳುವುದಿಲ್ಲ ಎಂದರಂತೆ. ಗುಬ್ಬಿ ಒಪ್ಪಲಿಲ್ಲ. ಜ್ವರ ಬಂದಿದೆ ಎಂದು ದೊಡ್ಡಪ್ಪ ನಿನ್ನೆಯೇ ಹೇಳಿ ನೋಡಿದರು, ನಡೆಯಲಿಲ್ಲ ಎಂದಳಂತೆ.

ಇಷ್ಟರಲ್ಲಿ ಇನ್ನೊಂದು ಎಡವಟ್ಟು ನನ್ನ ಕೈಯಿಂದಲೇ ಆಗಿತ್ತು. ಪ್ರಶ್ನೆ ಕೇಳುವವರಿಗೆ ಮೈಕು ಒಯ್ದು ಕೊಡುವ ಕೆಲಸಕ್ಕೆ ಆ ದಿನ ತುದಿಯಪ್ಪನನ್ನು ಹಾಕಿದ್ದೆ, ಅದನ್ನು ಬದಲಿಸಲು ಮರೆತೆ. ಜತೆಗೆ ಅವರ ಮನೆಯವರೂ ಬಂದು ಹಿಂದಿನ ಸಾಲಿನಲ್ಲಿ ಕೂತಿದ್ದರು. ಪರದೆಯ ಮೇಲೆ ಹೆಸರು ಬರುತ್ತದೆಂದು ಹಿಂದಿನ ವಾರ ಗುಬ್ಬಿಯೇ ತುದಿಯಪ್ಪನಿಗೆ ಹೇಳದೆ ಫೋನು ಮಾಡಿ ಕರೆದಿದ್ದಳು. ಹೆಂಡತಿ ಇಸ್ತ್ರಿ ಮಾಡಿದ ಬಟ್ಟೆಯಲ್ಲಿ, ಪಕ್ಕದಲ್ಲಿ ಮಗಳು, ಮಗಳ ತೊಡೆಯ ಮೇಲೆ ಎಂಟು ತಿಂಗಳ ಮೊಮ್ಮಗಳು. ಅವರಿಗೆ ಇದಾವುದೂ ಗೊತ್ತಿರಲಿಲ್ಲ. ತುದಿಯಪ್ಪನಿಗೆ ಬಾಯಲ್ಲಿ ಬಿಸಿ ತುಪ್ಪ, ನುಂಗುವಂತಿಲ್ಲ, ಉಗುಳುವಂತಿಲ್ಲ.

ಗುಬ್ಬಿ ವೇದಿಕೆ ಹತ್ತಿ, ನಿಮಗೆ ಜೋಡಿ ಪರಮಾಣುಗಳನ್ನು ತೋರಿಸಲು ಬಂದಿದ್ದೆ, ಇವತ್ತು ಬೆಳಿಗ್ಗೆ ಎಂಟೂವರೆಗೆ ಅವು ಬೇರೆಯಾದವು ಎಂದಳು. ಸಭೆ ನಕ್ಕಿತು. ಹಳೆಯ ಚಿತ್ರ ತೋರಿಸಿದಳು, ಹೊಸದನ್ನು ತೋರಿಸಿದಳು. ತುದಿ ಬದಲಾಗಿರಲಿಲ್ಲ, ನಾನು ನೋಡಿ ಖಚಿತಪಡಿಸಿಕೊಳ್ಳಲಿಲ್ಲ, ತಪ್ಪು ನನ್ನದು ಎಂದಳು. ತುದಿಯಪ್ಪನ ಹೆಸರು ಎಲ್ಲಿಯೂ ಎತ್ತಲಿಲ್ಲ. ಕೊನೆಯ ಚಿತ್ರವನ್ನೂ ತೆಗೆದುಹಾಕಿದ್ದಳು, ಅವರ ಹೆಸರಿಗೆ ಮಸಿ ತಾಗದಿರಲೆಂದು.

ಪ್ರಶ್ನೆಯ ಹೊತ್ತು ಬಂತು. ಮುಂದಿನ ಸಾಲಿನಲ್ಲಿ ಬಿಳಿಗಡ್ಡದ ಹಿರಿಯರೊಬ್ಬರು ಕೈಯೆತ್ತಿದರು. ತುದಿಯಪ್ಪ ಮೈಕು ಹಿಡಿದು ಹೋಗಿ ಅವರ ಪಕ್ಕದವರಿಗೆ ಕೊಟ್ಟರು. ಪಕ್ಕದವರು ಅದನ್ನು ದಾಟಿಸಿದರು. ಬಿಳಿಗಡ್ಡದವರ ಮಾತು ನಯವಾಗಿತ್ತು, ಅಲಗು ಚೂಪಾಗಿತ್ತು. ನಿಮ್ಮ ಭಾಷಣದ ಸಾರಾಂಶ ನಮ್ಮ ಚೀಲದಲ್ಲಿದೆ, ಎರಡು ತುದಿಗಳಿಂದ ನೋಡಿದೆ ಎಂದು ಅದರಲ್ಲಿ ಅಚ್ಚಾಗಿದೆ. ಈಗ ಒಂದೇ ತುದಿ ಎನ್ನುತ್ತೀರಿ. ಬರೆಯುವಾಗ ನಿಮಗೆ ಇದು ಗೊತ್ತಿತ್ತೇ ಎಂದು ಕೇಳಿದರು.

 ಅದು ತುದಿಯ ಪ್ರಶ್ನೆಯಲ್ಲ, ಹುಡುಗಿಯ ಪ್ರಾಮಾಣಿಕತೆಯ ಪ್ರಶ್ನೆ ಎಂದು ನನಗೂ ತಿಳಿಯಿತು. ಗೊತ್ತಿರಲಿಲ್ಲ ಎಂದರೆ 'ಅದು ಹೇಗೆ' ಎನ್ನುತ್ತಾರೆ, ಹೇಗೆಂದು ಹೇಳಿದರೆ ತುದಿಯಪ್ಪ ಸಿಕ್ಕಿಬೀಳುತ್ತಾರೆ.  ನಾನು ಬಾಗಿಲ ಬಳಿ ನಿಂತು, ಎಲ್ಲರ ಮೇಲೂ ಒಟ್ಟಿಗೆ ಸಿಟ್ಟು ಮಾಡಿಕೊಂಡಿದ್ದೆ.

ತುದಿಯಪ್ಪ ಇಂಗ್ಲಿಷನ್ನು ಮೂವತ್ತೊಂದು ವರ್ಷ ಕೇಳಿದವರು, ಆಡಿದವರಲ್ಲ. ಕೈ ಚಾಚಿ ಮೈಕನ್ನು ಬಿಳಿಗಡ್ಡದವರ ಕೈಯಿಂದ ತಡಕಿ ತೆಗೆದುಕೊಂಡರು. ನಮ್ಮ ಮಾತಿನಲ್ಲೇ ಹೇಳಿದರು.

"ಬದಲಿಸಿದೆ ಅಂತ ಸುಳ್ಳು ಹೇಳಿದ್ದು ನಾನು. ಆ ಮಗೂಗೆ ಗೊತ್ತಿರಲಿಲ್ಲ. ನಂಗೆ ಒಂದು ವರ್ಷದಿಂದ ಕಣ್ಣು ಕಾಣಿಸ್ತಿಲ್ಲ, ಅದನ್ನ ಯಾರಿಗೂ ಹೇಳಿರಲಿಲ್ಲ."

ಗುಬ್ಬಿ ಅದನ್ನು ಸಭೆಯ ಭಾಷೆಗೆ ತರಲಿಲ್ಲ, ಅವಳಿಂದ ಆಗಲಿಲ್ಲ. ಮೇಷ್ಟ್ರು ಎದ್ದು ನಿಂತು ಒಂದಕ್ಷರ ಬಿಡದೆ ಹೇಳಿದರು.  ಬಿಳಿಗಡ್ಡದವರು ಗುಬ್ಬಿಯ ಕಡೆ ತಿರುಗಿ, ನನ್ನ ಪ್ರಶ್ನೆಗೆ ಉತ್ತರ ಸಿಕ್ಕಿತು, ಕೇಳಿದ್ದಕ್ಕೆ ಕ್ಷಮಿಸಿ ಎಂದು ಕೂತರು. ಅಧ್ಯಕ್ಷರು ಗಂಟೆ ಬಾರಿಸಿದರು. ಸಮ್ಮೇಳನ ಎಂದರೆ ಅಷ್ಟೇ, ಆಕಾಶ ಕಳಚಿ ಬಿದ್ದರೂ ಮುಂದಿನವರ ಇಪ್ಪತ್ತು ನಿಮಿಷ ಅವರಿಗೇ ಸೇರಬೇಕು.

ಆ ಭಾಷಣವೂ ಮುಗಿದು ಊಟಕ್ಕೆ ಎಲ್ಲರೂ ಹೊರಟರು. ತುದಿಯಪ್ಪ ಕಿಟಕಿಯ ಪಕ್ಕ ಮೈಕು ಹಿಡಿದು ಹಾಗೇ ನಿಂತಿದ್ದರು. ಗುಬ್ಬಿ ಮುಂದಿನ ಸಾಲಿನಿಂದ ಎದ್ದು ಅವರ ಹತ್ತಿರ ಬಂದಳು, ಬೈಯುವುದಕ್ಕೆಂದು ತಾನೇ ಬಂದದ್ದು, ಬೈಯಲಿಲ್ಲ. ಹಿಂದಿನ ಸಾಲಿನಿಂದ ಅವರ ಹೆಂಡತಿ, ಮಗಳು, ಮಗು ಬಂದರು. ಆ ಹೆಂಗಸಿನ ಬಾಯಿ ನನಗೆ ಗೊತ್ತು, ನನ್ನದನ್ನು ಮೀರಿಸಿದ್ದು. ದೊಡ್ಡ ಮಂಗಳಾರತಿಯೇ ಆಗುತ್ತದೆಂದು ನಾನು ಮೈಕಿನ ಸ್ವಿಚ್ಚು ಆರಿಸಿದೆ. ಆಕೆ ದನಿಯೆತ್ತಲಿಲ್ಲ.

"ಒಂದು ವರ್ಷ ಅಂದ್ರೆ, ಇವಳು ಹುಟ್ಟೋಕೂ ಮುಂಚೆ. ಹಾಗಾದ್ರೆ ಇವಳ ಮುಖ ನೀವು ನೋಡೇ ಇಲ್ವಾ?"

 ಮಗು ತುದಿಯಪ್ಪನ ಅಂಗಿಯ ಗುಂಡಿ ಹಿಡಿದು ಎಳೆಯುತ್ತಿತ್ತು.

"ನೋಡಿದೀನಿ ಕಣೇ. ಮಲಗಿದ್ದಾಗ ದಿನಾ ಕೈಯಲ್ಲಿ ನೋಡಿದೀನಿ. ಮೂಗು ನಿಂದು. ಹಣೆ ನಮ್ಮಮ್ಮಂದು. ಬಲಗಿವಿ ಹಿಂದೆ, ಕೂದಲ ಸಂದೀಲಿ, ಉಬ್ಬಿರೋ ಒಂದು ಮಚ್ಚೆ ಇದೆ. ಅದನ್ನ ನೀವ್ಯಾರೂ ನೋಡಿಲ್ಲ."

ಮಗಳು ಮಗುವಿನ ಕಿವಿ ಮಡಿಸಿ, ಕೂದಲು ಬಿಡಿಸಿ, ಕಿಟಕಿಯ ಬೆಳಕಿಗೆ ತಿರುಗಿಸಿ ಹಿಡಿದಳು. ಬಹಳ ಹೊತ್ತು ಹುಡುಕಿದಳು. ಆಮೇಲೆ ಅಮ್ಮನಿಗೆ ತೋರಿಸಿದಳು. ಗುಬ್ಬಿ ಬಗ್ಗಿ ನೋಡಿದಳು. ನನಗೆ ಕನ್ನಡಕ ಹಾಕಿಕೊಂಡರೂ ಕಾಣಲು ಎರಡು ನಿಮಿಷ ಹಿಡಿಯಿತು. ಇತ್ತು, ಸಾಸಿವೆ ಕಾಳಿನ ಅರ್ಧದಷ್ಟು.